ಅಳಿವೆ ಬಂದರೆ ನಿಲ್ಲಬೇಕು

ಉತ್ತರ ಕನ್ನಡದ ಕಡಲಂಚು ಹಿಡಿದು ನಡೆಯುತ್ತಾ ಹೊರಟರೆ ಒಂದೆರಡು ದಿನಕ್ಕೊಮ್ಮೆ ಒಂದು ಹೊಳೆ ಅಡ್ಡ ಬರುತ್ತದೆ. ಮರಳು ಅಲ್ಲಿಗೆ ಮುಗಿಯುತ್ತದೆ. ಮುಂದೆ ಬರೀ ನೀರು. ಆಚೆ ದಡದ ತೆಂಗಿನ ಮರ ಕಾಣುತ್ತದೆ, ಹೆಂಚಿನ ಮನೆ ಕಾಣುತ್ತದೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಕೂಡ ಕಾಣುತ್ತದೆ. ಆದರೆ ಹೋಗಲಿಕ್ಕೆ ಆಗುವುದಿಲ್ಲ. ಹೊಳೆ ಕಡಲು ಸೇರುವ ಆ ಜಾಗಕ್ಕೆ ಅಳಿವೆ ಎನ್ನುತ್ತಾರೆ. ದೋಣಿ ದಾಟಿಸುವ ಜಾಗಕ್ಕೆ ತಾರಿಬಾಗಿಲು. ಈ ಎರಡು ಪದಗಳೂ ನನಗೆ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಕಾಲಿನಲ್ಲಿ ಬೊಕ್ಕೆ ಎದ್ದ ಮೇಲೆ.

ಹೋದ ಫೆಬ್ರುವರಿಯಲ್ಲಿ ನಾನೂ ನನ್ನ ಗೆಳತಿಯೂ ಬೆನ್ನಿಗೆ ಒಂದೊಂದು ಬ್ಯಾಗ್ ಹಾಕಿಕೊಂಡು ಅಂಕೋಲೆ ಹತ್ತಿರದ ಮಂಜಗುಣಿಯಿಂದ ಹೊನ್ನಾವರದವರೆಗೆ ಐದು ದಿನ ನಡೆದೆವು. ಒಟ್ಟು ಐವತ್ತು ಕಿಲೋಮೀಟರ್ ಇರಬಹುದು. ಚಾರಣ ಮಾಡುವವರಿಗೆ ಇದು ಎರಡು ದಿನದ ದಾರಿ. ನಮಗೆ ಐದು ದಿನ ಬೇಕಾಯಿತು. ಇನ್ನೂ ಎರಡು ದಿನ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅವಳು ಧಾರವಾಡದವಳು. ನಾನು ಮೈಸೂರು ಕಡೆಯವಳು. ಇಪ್ಪತ್ತು ವರ್ಷದ ಹಿಂದೆ ಧಾರವಾಡದಲ್ಲಿ ಒಟ್ಟಿಗೆ ಓದಿದೆವು. ನಾನು ಹಾಸ್ಟೆಲಿನಲ್ಲಿದ್ದೆ. ಅವಳು ಮನೆಯಿಂದ ಬರುತ್ತಿದ್ದಳು. ವಾರದಲ್ಲಿ ಮೂರು ದಿನವಾದರೂ ನನ್ನ ಊಟ ಅವರ ಮನೆಯಲ್ಲೇ. ಅವಳ ಅವ್ವ ಬಿಸಿ ಜೋಳದ ರೊಟ್ಟಿ ತಟ್ಟಿ ತಟ್ಟಿ ತಟ್ಟೆಗೆ ಹಾಕುತ್ತಿದ್ದರು. ನಾನು ಎರಡಕ್ಕೆ ಸಾಕು ಅಂದರೆ "ಹಕ್ಕಿ ಹಂಗ ಉಣಬ್ಯಾಡ" ಎಂದು ಮೂರನೆಯದನ್ನು ಹಾಕುತ್ತಿದ್ದರು. ಅದರ ಮೇಲೆ ಶೇಂಗಾ ಚಟ್ನಿ, ಗಟ್ಟಿ ಮೊಸರು. ಈ ಬರಹದಲ್ಲಿ ಅವ್ವ ಮತ್ತೆ ಬರುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಡೆಯುವ ಯೋಚನೆ ಗೆಳತಿಯದು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲಾ ಹುಟ್ಟುತ್ತದೆ. ಊರಿನವರಿಗೆ ಅದು ಹೊಳೆ ಅನ್ನುವುದಕ್ಕಿಂತ ಒಂದು ನೆನಪು. ಬೇಸಿಗೆಯಲ್ಲಿ ಹೋಗಿ ನೋಡಿದರೆ ಅಷ್ಟೇನೂ ಕಾಣುವುದಿಲ್ಲ. ಆ ನೀರು ಬೇಡ್ತಿ ಸೇರುತ್ತದೆ. ಬೇಡ್ತಿ ಯಲ್ಲಾಪುರದ ಕಾಡಿನೊಳಗೆ ಹರಿದು, ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಆಗುತ್ತದೆ. ಮಂಜಗುಣಿಯ ಹತ್ತಿರ ಕಡಲು ಸೇರುತ್ತದೆ. ಗೆಳತಿ ಹುಟ್ಟಿದ ದಿನದಿಂದ ಈ ಕಥೆ ಕೇಳಿದವಳು. ಆದರೆ ಕೊನೆ ನೋಡಿರಲಿಲ್ಲ. "ಎಲ್ಲಿ ಹೋಗಿ ಮುಟ್ಟತೈತಿ ಅಂತ ಒಮ್ಮೆ ನೋಡೂಣು" ಅಂದಳು ಫೋನಿನಲ್ಲಿ. ನೋಡಿದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಸುಮ್ನೆ ನಡೆಯೋಣ ಎಂದಳು. ನಾನು ಹೂಂ ಅಂದೆ. ಆ ಹೂಂ ಹೇಳುವುದಕ್ಕೆ ನನ್ನೊಳಗೆ ಬೇರೆ ಕಾರಣವೂ ಇತ್ತು.

ಹುಣ್ಣಿಮೆಯ ದಿನ ಬೆಳಿಗ್ಗೆ ಅಂಕೋಲೆ ಬಸ್ ನಿಲ್ದಾಣದಲ್ಲಿ ಬನ್ಸ್ ತಿಂದು ಮಂಜಗುಣಿಗೆ ಹೊರಟೆವು. ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ಹಾಲಕ್ಕಿ ಒಕ್ಕಲಿಗರ ಊರು ಕೂಡ. ಬಸ್ಸಿನಲ್ಲಿ ನಮ್ಮ ಮುಂದೆ ಒಬ್ಬ ಹಾಲಕ್ಕಿ ಅಜ್ಜಿ ಕೂತಿದ್ದರು. ಕುತ್ತಿಗೆ ತುಂಬ ಮಣಿಸರ, ಮಡಿಲಲ್ಲಿ ಬಸಳೆಯ ಕಟ್ಟು. ನಮ್ಮ ಬ್ಯಾಗುಗಳನ್ನು ಬಹಳ ಹೊತ್ತು ನೋಡಿದರು. "ಇಷ್ಟು ಹೊತ್ಕಂಡು ಎಲ್ಲಿಗೆ?" ಎಂದರು. ನಡೆದುಕೊಂಡು ಹೊನ್ನಾವರಕ್ಕೆ ಅಂದೆವು. ಅವರಿಗೆ ಆಶ್ಚರ್ಯ ಆಗಲಿಲ್ಲ. ಹಿಂದೆ ಎಲ್ಲರೂ ನಡೆದೇ ಹೋಗುತ್ತಿದ್ದರು, ಹೊಳೆ ದಾಟುವುದೇ ಕಷ್ಟ, ಉಳಿದದ್ದು ಏನಿಲ್ಲ ಎಂದರು. ಐದು ದಿನದ ದಾರಿಯನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ನಮಗೆ ಆಗ ಅರ್ಥವಾಗಿರಲಿಲ್ಲ.

ಅಳಿವೆಗೆ ಹೋದಾಗ ಎಂಟು ಗಂಟೆ. ಹೊಳೆ ಕಡಲು ಸೇರುವ ಜಾಗದಲ್ಲಿ ಒಂದು ಗೆರೆ ಇರುತ್ತದೆ, ಈ ಕಡೆ ಸಿಹಿನೀರು, ಆ ಕಡೆ ಉಪ್ಪುನೀರು ಅಂತ ಗೆಳತಿ ಅಂದುಕೊಂಡಿದ್ದಳಂತೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಅಂಥದ್ದೇನೂ ಇರಲಿಲ್ಲ. ಅಗಲವಾದ ನೀರು, ಅದರ ಮೇಲೆ ಬೆಳಗಿನ ಬಿಸಿಲು. ಒಂದು ತೆಂಗಿನ ಗರಿ ತೇಲುತ್ತಿತ್ತು. ಅದನ್ನೇ ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಗರಿ ಕಡಲಿನ ಕಡೆ ಹೋಗುತ್ತಿಲ್ಲ. ಒಳಗೆ, ಘಟ್ಟದ ಕಡೆ ಹೋಗುತ್ತಿದೆ. ಭರತದ ಹೊತ್ತು. ಕಡಲು ಏರುತ್ತಿತ್ತು. ಹೊಳೆಯನ್ನು ಹಿಂದಕ್ಕೆ ತಳ್ಳುತ್ತಿತ್ತು.

"ನೋಡಲೇ" ಅಂದಳು ಗೆಳತಿ. "ಸಮುದ್ರ ನಮ್ಮೂರ ಕಡೆ ಹೊಂಟೈತಿ."

ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಹಚ್ಚಿಕೊಂಡಳು. ಉಪ್ಪು. ಏನೂ ಹೇಳಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಳ್ಳುವವಳ ಹಾಗೆ ಪ್ಯಾಂಟಿಗೆ ಒರೆಸಿಕೊಂಡಳು. ಅದು ಅವಳ ಅವ್ವನ ಅಭ್ಯಾಸ. ನಾನು ಬೇರೆ ಕಡೆ ನೋಡಿದೆ.

ಮಂಜಗುಣಿಯಲ್ಲಿ ಈಗ ಸೇತುವೆ ಎದ್ದಿದೆ. ಹಿಂದೆ ಇಲ್ಲಿ ತಾರಿ ಇತ್ತು. ಸೇತುವೆ ಮೇಲೆ ನಡೆದು ಆಚೆ ದಡದ ಗಂಗಾವಳಿ ಊರಿಗೆ ಹೋಗಲು ಕೆಲವೇ ನಿಮಿಷ ಸಾಕಾಯಿತು. ಮಧ್ಯದಲ್ಲಿ ನಿಂತು ಹೊಳೆ ಬರುವ ಕಡೆ, ಘಟ್ಟದ ದಿಕ್ಕಿಗೆ ನೋಡಿದೆವು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದು ಇದೇ ಹೊಳೆಗೆ. ಚಾ ಅಂಗಡಿ ನಡೆಸುತ್ತಿದ್ದ ಒಂದು ಕುಟುಂಬ, ಚಾ ಕುಡಿಯಲು ಲಾರಿ ನಿಲ್ಲಿಸಿದವರು, ಎಲ್ಲರೂ ಆ ಮಣ್ಣಿನ ಜೊತೆ ಹೋದರು. ಮಳೆಗಾಲದ ಕೆಂಪು ನೀರಿನಲ್ಲಿ ದಿನಗಟ್ಟಲೆ ಹುಡುಕಿದರು. ನಾವು ನಿಂತಾಗ ಹೊಳೆ ತಿಳಿಯಾಗಿತ್ತು. ಒಬ್ಬ ಹುಡುಗ ಬೀಸುಬಲೆ ಹಾಕುತ್ತಿದ್ದ.

ಮೊದಲ ದಿನದ ನಡಿಗೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬಿಸಿಲು, ಮರಳು, ಗಾಳಿಮರದ ತೋಪು, ಅಡುಂಬು ಬಳ್ಳಿಯ ನೇರಳೆ ಹೂವು, ಮತ್ತೆ ಮರಳು. ಆದರೆ ಕಡಲಂಚಿನಲ್ಲಿ ನಡೆಯುವುದು ಹೇಗೆ ಅಂತ ಆ ದಿನವೇ ಕಲಿತೆವು. ಮೆತ್ತಗಿನ ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿ. ಅದರ ಮೇಲೆ ಬರಿಗಾಲಲ್ಲಿ ನಡೆಯುವುದು ಸುಲಭ. ಆದರೆ ಆ ಗಟ್ಟಿ ಪಟ್ಟಿ ಕಡಲಿನ ಕಡೆ ವಾಲಿರುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಬಲಗಾಲು ಯಾವಾಗಲೂ ತಗ್ಗಿನಲ್ಲಿ. ಸಂಜೆಗೆ ಸೊಂಟದ ಒಂದು ಪಕ್ಕ ಹಿಡಿದುಕೊಳ್ಳುತ್ತದೆ. ಅದಕ್ಕೆ ನೀರು ಪೂರ್ತಿ ಇಳಿದಾಗ ನಡೆಯಬೇಕು. ಆಗ ಗಟ್ಟಿ ಮರಳು ಅಗಲವಾಗಿ, ಮಟ್ಟವಾಗಿ ಸಿಗುತ್ತದೆ.

ಇನ್ನೊಂದು ವಿಷಯವೂ ಆ ದಿನ ಗೊತ್ತಾಯಿತು. ಕಡಲ ಪಕ್ಕ ನಡೆಯುವಾಗ ಮಾತಾಡಲು ಆಗುವುದಿಲ್ಲ. ದೂರದಿಂದ ಕೇಳುವಾಗ ಅಲೆಯ ಸದ್ದು ಇಂಪು. ಪಕ್ಕದಲ್ಲೇ ನಡೆದರೆ ಅದು ಒಂದೇ ಸಮನೆ ಮೊರೆಯುತ್ತದೆ. ಒಂದು ಮಾತು ಹೇಳಬೇಕಾದರೆ ಕೂಗಬೇಕು. ಕೂಗಿ ಹೇಳುವಂಥ ಮಾತು ಇಬ್ಬರು ಹಳೇ ಗೆಳತಿಯರ ನಡುವೆ ಎಷ್ಟಿರುತ್ತದೆ? "ನೀರು ಕೊಡು", "ಅಲ್ಲಿ ನೋಡು, ಕಡಲ ಹದ್ದು", "ನಿಧಾನ". ಅಷ್ಟೇ. ಉಳಿದಂತೆ ಗಂಟೆಗಟ್ಟಲೆ ಸುಮ್ಮನೆ ನಡೆದೆವು. ಇದು ನನಗೆ ಒಂದು ಕಡೆ ನೆಮ್ಮದಿ. ಇನ್ನೊಂದು ಕಡೆ ನಾನು ಹೇಳಬೇಕೆಂದು ಹೊತ್ತುಕೊಂಡು ಬಂದಿದ್ದ ಮಾತು ಹಾಗೇ ಉಳಿಯುತ್ತಿತ್ತು.

ಅವ್ವ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಕೊರೋನಾದ ಎರಡನೇ ಅಲೆ. ಊರಿಂದ ಊರಿಗೆ ಹೋಗುವ ಹಾಗಿರಲಿಲ್ಲ. ನಾನು ಫೋನಿನಲ್ಲಿ ಅತ್ತೆ, ಅವಳೂ ಅತ್ತಳು. ಆಮೇಲೆ ಲಾಕ್‌ಡೌನ್ ತೆರೆಯಿತು. ಬಸ್ಸು ಓಡಿದವು. ನಾನು ಹೋಗಲಿಲ್ಲ. ಮುಂದಿನ ತಿಂಗಳು ಅಂದುಕೊಂಡೆ. ಆಮೇಲೆ ದಸರಾ ಅಂದುಕೊಂಡೆ. ವರ್ಷವಾದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗುವುದು ಅನ್ನಿಸಿತು. ಅವಳು ಒಂದು ದಿನವೂ ಕೇಳಲಿಲ್ಲ. ನಾವು ಬೆಂಗಳೂರಿನಲ್ಲಿ ಎರಡು ಸಲ ಸಿಕ್ಕಿದೆವು, ಮದುವೆ ಮನೆಗಳಲ್ಲಿ. ಚೆನ್ನಾಗಿಯೇ ಮಾತಾಡಿದೆವು. ಆದರೆ ಆ ಮಾತು ಬರಲಿಲ್ಲ.

ಗೋಕರ್ಣದಲ್ಲಿ ರಾತ್ರಿ ಉಳಿದು, ಎರಡನೇ ದಿನ ಬೆಳಿಗ್ಗೆ ಮಹಾಬಲೇಶ್ವರನಿಗೆ ಕೈಮುಗಿದು ಗುಡ್ಡ ಹತ್ತಿದೆವು. ಗೋಕರ್ಣದ ದೊಡ್ಡ ಕಡಲತೀರದಿಂದ ದಕ್ಷಿಣಕ್ಕೆ ಗುಡ್ಡಗಳು ಸೀದಾ ಕಡಲಿಗೆ ಇಳಿದಿವೆ. ಎರಡು ಗುಡ್ಡಗಳ ನಡುವೆ ಒಂದೊಂದು ಬೀಚು. ಮೊದಲು ಕುಡ್ಲೆ, ಆಮೇಲೆ ಓಂ, ಹಾಫ್‌ಮೂನ್, ಪ್ಯಾರಡೈಸ್. ಒಂದರಿಂದ ಇನ್ನೊಂದಕ್ಕೆ ಹೋಗಲು ಕೆಂಪುಕಲ್ಲಿನ ಗುಡ್ಡದ ಮೇಲೆ ಕಾಲುದಾರಿ ಇದೆ. ನೀರು ಇಳಿದಾಗ ಕೆಲವು ಕಡೆ ಬಂಡೆಗಳ ಮೇಲೆ ಹಾಯ್ದು ಹೋಗಬಹುದು. ನಾವು ತಪ್ಪು ಮಾಡಿದ್ದು ಅಲ್ಲೇ.

ಓಂ ಬೀಚಿನಲ್ಲಿ ನೆರಳು ಚೆನ್ನಾಗಿತ್ತು. ಕೂತುಬಿಟ್ಟೆವು. ಹೊರಟಾಗ ಹನ್ನೊಂದು ದಾಟಿತ್ತು. ಗುಡ್ಡದ ದಾರಿ ಬಿಸಿಲು, ಬಂಡೆ ದಾರಿಯಲ್ಲಿ ಗಾಳಿ ಇರುತ್ತದೆ ಅಂತ ಬಂಡೆ ಹಿಡಿದೆವು. ಹೋಗುವಾಗ ಪಾದ ಮುಳುಗುವಷ್ಟು ನೀರಿದ್ದ ಜಾಗದಲ್ಲಿ ಅರ್ಧ ಗಂಟೆಯಲ್ಲಿ ತೊಡೆಯವರೆಗೆ ಬಂತು. ಮುಂದೆ ಬಂಡೆ ಜಾರುತ್ತಿತ್ತು. ಅಲೆ ಬಂದು ಹೊಡೆದಾಗ ನನ್ನ ಬ್ಯಾಗು ಒದ್ದೆಯಾಗಿ ಭಾರವಾಯಿತು. ಹಿಂದೆ ನೋಡಿದರೆ ಬಂದ ದಾರಿಯೂ ಮುಚ್ಚುತ್ತಿತ್ತು. ನಿಜವಾಗಿ ಹೆದರಿಕೆ ಆಯಿತು. ಗೆಳತಿ ನನಗಿಂತ ಧೈರ್ಯದವಳು. ನನ್ನ ಬ್ಯಾಗು ತಾನು ತಗೊಂಡಳು, ಎರಡು ಬ್ಯಾಗು ಹೊತ್ತುಕೊಂಡೇ ನನ್ನ ಕೈ ಹಿಡಿದು ಒಂದೊಂದೇ ಬಂಡೆ ಹಿಂದೆ ದಾಟಿಸಿದಳು. ಮೇಲಿನ ಕಾಲುದಾರಿಯಿಂದ ಒಬ್ಬರು ನಮ್ಮನ್ನು ನೋಡಿ ಕೆಳಗಿಳಿದು ಬಂದು ಹಗ್ಗ ಕೊಟ್ಟ ಹಾಗೆ ತಮ್ಮ ಹೆಗಲ ಮೇಲಿನ ಟವೆಲ್ ಚಾಚಿದರು. ಅದನ್ನು ಹಿಡಿದು ಹತ್ತಿದೆವು.

ಅವರು ಅಲ್ಲಿಯ ಮೀನುಗಾರರು. ಬೈಯಲಿಲ್ಲ. "ಎಂತ ಅವಸರ ನಿಮ್ಗೆ? ನೀರು ಕೇಳಿ ಹೋಗ್ಬೇಕು" ಎಂದರು. ಆಮೇಲೆ ಕಲ್ಲಿನ ಮೇಲೆ ಕೂತು ನೀರಿನ ಲೆಕ್ಕ ಹೇಳಿಕೊಟ್ಟರು. ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಊಟಕ್ಕೆ ಮುಂಚೆ ನೀರು ತುಂಬುತ್ತದೆ. ಬೆಳಗಿನ ಜಾವಕ್ಕೂ ಸಂಜೆಗೂ ಇಳಿದಿರುತ್ತದೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಸುತ್ತ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಸುತ್ತ ಎರಡೂ ಕಮ್ಮಿ. ತಿಥಿ ಗೊತ್ತಿದ್ದರೆ ಗಡಿಯಾರ ಬೇಡ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಕಡಲು ಅವನ ಹಿಂದೆ ಹೋಗುತ್ತದೆ ಅಂತ ನಾನು ಶಾಲೆಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ತೊಡೆಯವರೆಗೆ ನೀರಿನಲ್ಲಿ ನಿಂತಾಗ ಅದು ನೆನಪಿಗೆ ಬರಲಿಲ್ಲ. ನಮ್ಮ ಅಜ್ಜಿ ಪಂಚಾಂಗ ನೋಡುತ್ತಿದ್ದದ್ದು ಹಬ್ಬಕ್ಕೆ, ಮದುವೆಗೆ. ಇವರು ನೋಡುವುದು ಊಟಕ್ಕೆ. ಅವತ್ತಿನಿಂದ ನಮ್ಮ ನಡಿಗೆ ತಿಥಿಯ ಪ್ರಕಾರ ಸಾಗಿತು.

ಮರುದಿನ ಬಿದಿಗೆ. ಆರೂವರೆಗೆ ನೀರು ಪೂರ್ತಿ ಇಳಿದಿತ್ತು. ಹಿಂದಿನ ದಿನ ನಮ್ಮನ್ನು ಹೆದರಿಸಿದ ಬಂಡೆಗಳು ಈಗ ಒಣಗಿ ಕೂತಿದ್ದವು. ಮೇಲೆಲ್ಲ ಬಿಳಿ ಚಿಪ್ಪು, ಸಂದಿಯಲ್ಲಿ ಪುಟ್ಟ ಏಡಿಗಳು. ನಿಧಾನವಾಗಿ ದಾಟಿದೆವು. ಗೆಳತಿ ಇವತ್ತೂ ನನ್ನ ಕೈ ಬಿಡಲಿಲ್ಲ.

ಪ್ಯಾರಡೈಸ್ ದಾಟಿ ಬೇಲೆಕಾನದಲ್ಲಿ ಊಟ ಮಾಡಿ, ತದಡಿಗೆ ಬಂದಾಗ ನಾಲ್ಕೂವರೆ. ತದಡಿ ಮೀನುಗಾರಿಕೆ ಬಂದರು. ಬಣ್ಣದ ದೋಣಿಗಳು, ಐಸು, ಬಲೆಯ ರಾಶಿ, ಮೀನಿನ ವಾಸನೆ. ಅದರಾಚೆ ಅಘನಾಶಿನಿ. ಹೊಳೆ ಇಲ್ಲಿ ಒಂದು ಕೆರೆಯ ಹಾಗೆ ಹರಡಿಕೊಂಡಿದೆ. ಆಚೆ ದಡದ ಊರಿನ ಹೆಸರೂ ಅಘನಾಶಿನಿ. ತಾರಿ ದೋಣಿ ಆಚೆ ಕಡೆ ನಿಂತಿತ್ತು. ಜನ ತುಂಬಿದ ಮೇಲೆ ಬರುತ್ತದೆ ಎಂದರು. ಎಷ್ಟು ಹೊತ್ತು? ಯಾರಿಗೂ ಗೊತ್ತಿಲ್ಲ. ಬ್ಯಾಗು ಇಳಿಸಿ ಕಟ್ಟೆಯ ಮೇಲೆ ಕೂತೆವು.

ಮೂರು ದಿನದಲ್ಲಿ ಮೊದಲ ಸಲ ಅಲೆಯ ಸದ್ದು ಇರಲಿಲ್ಲ. ಕಡಲು ಗುಡ್ಡದ ಆಚೆ ಉಳಿದಿತ್ತು. ಹೊಳೆಯ ನೀರು ದಡಕ್ಕೆ ಸಣ್ಣಗೆ ತಾಗುವುದು ಕೇಳುತ್ತಿತ್ತು. ಕಿವಿಯೊಳಗೆ ತುಂಬಿದ್ದ ಮರಳೆಲ್ಲ ಒಮ್ಮೆಗೇ ಖಾಲಿಯಾದ ಹಾಗೆ.

ನೀರು ಇಳಿಯುತ್ತಿತ್ತು. ಹೊಳೆಯ ನಡುವೆ ದಿಬ್ಬಗಳು ಏಳುತ್ತಿದ್ದವು. ಹೆಂಗಸರು ಸೀರೆ ಎತ್ತಿ ಕಟ್ಟಿ, ಪಾತ್ರೆ, ಬುಟ್ಟಿ ಹಿಡಿದು ನೀರಿಗೆ ಇಳಿದರು. ಸೊಂಟದವರೆಗೆ ನೀರಿನಲ್ಲಿ ನಿಂತು ಕಾಲಿನಿಂದಲೇ ಕೆಸರನ್ನು ತಡವುತ್ತಾರೆ. ಬಳಚು, ಅಂದರೆ ಚಿಪ್ಪಿನ ಮೀನು, ಸಿಕ್ಕರೆ ಬಗ್ಗಿ ಎತ್ತುತ್ತಾರೆ. ಈ ಅಳಿವೆಯ ಬಳಚನ್ನು ನಂಬಿ ಸಾವಿರಾರು ಕುಟುಂಬಗಳಿವೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತನ್ನ ಪಾಡಿಗೆ ಇಲ್ಲಿಗೆ ಬರುತ್ತದೆ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು. ಆ ಏರುಪೇರಿಗೆ ಹೊಂದಿಕೊಂಡೇ ಇಲ್ಲಿಯ ಜೀವ ಇದೆ. ಗಜನಿ ಅನ್ನುವ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಶೆಟ್ಲಿ ಅನ್ನುವ ಸಿಗಡಿ, ಮೀನು. ಸಾಣಿಕಟ್ಟೆಯಲ್ಲಿ ಇದೇ ನೀರು ಉಪ್ಪಾಗುತ್ತದೆ. ಹಿಂದೆ ಇಲ್ಲಿ ದೊಡ್ಡ ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂದಾಗ ಜನ ಒಟ್ಟಾಗಿ ಬೇಡ ಎಂದರು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ನೀರಿನಲ್ಲಿ ನಿಂತ ಆ ಹೆಂಗಸರನ್ನು ನೋಡಿದರೆ ಇದು ಯಾಕೆ ಮುಖ್ಯ ಅಂತ ಯಾರೂ ವಿವರಿಸಬೇಕಾಗಿಲ್ಲ.

ಕೂತು ಅರ್ಧ ಗಂಟೆ ಆಗಿತ್ತು. ನಾನು ಹೇಳಿದೆ. ಹೇಗೆ ಶುರು ಮಾಡುವುದು ಅಂತ ಮನೆಯಲ್ಲಿ ಎಷ್ಟೋ ಸಲ ಯೋಚಿಸಿದ್ದೆ. ಅದು ಯಾವುದೂ ಬರಲಿಲ್ಲ. "ನಾನು ಅವ್ವನಿಗೆ ಬರಲಿಲ್ಲ" ಅಂದೆ. ಅಷ್ಟೇ ಬಂತು.

ಗೆಳತಿ ಹೊಳೆ ನೋಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಹೇಳಿದಳು. "ಆವಾಗ ಯಾರೂ ಬರೂ ಹಂಗಿರಲಿಲ್ಲ. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಆಮ್ಯಾಲೆ ಯಾಕ ಬರಲಿಲ್ಲ ನೀ?"

ನಾನು ಕಾರಣ ಹೇಳಲು ಹೋದೆ. ಅವಳು ತಡೆದಳು.

"ಕಾರಣ ಬ್ಯಾಡ. ನಮ್ಮ ಮನ್ಯಾಗ ಅವ್ವನ ಸುದ್ದಿ ಯಾರೂ ತಗಿಯೂದಿಲ್ಲ. ಅಣ್ಣಗ ಅಳು ಬರತೈತಿ ಅಂತ ನಾ ಸುಮ್ನಿರತೇನಿ. ನನಗ ಅಳು ಬರತೈತಿ ಅಂತ ಅಂವ ಸುಮ್ನಿರತಾನ. ಆಕಿ ಕೈಯಾಗಿನ ರೊಟ್ಟಿ ಉಂಡಾಕಿ ಹೊರಗಿನಾಕಿ ನೀ ಒಬ್ಬಾಕಿ. ನೀ ಬಂದಿದ್ರ ಮಾತಾಡತಿದ್ವಿ. ಅದಕ್ಕ ದಾರಿ ನೋಡಿದೆ."

ನನ್ನನ್ನು ಕ್ಷಮಿಸಬೇಕು ಅಂತ ನಾನು ಕೇಳಲು ಬಂದಿದ್ದೆ. ಅವಳಿಗೆ ಬೇಕಾಗಿದ್ದದ್ದು ಬೇರೆ. ನಾಲ್ಕು ವರ್ಷ ನಾನು ನನ್ನ ತಪ್ಪಿನ ಬಗ್ಗೆಯೇ ಯೋಚಿಸಿದ್ದೆ. ಅವ್ವನ ಬಗ್ಗೆ ಮಾತಾಡಲು ಅವಳ ಹತ್ತಿರ ಯಾರೂ ಇಲ್ಲ ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಎಂಥ ದಡ್ಡತನ ಅಲ್ವಾ ಅಂತ ಹೇಳಿ ಮುಗಿಸುವಂಥದ್ದಲ್ಲ ಇದು. ಇದು ನನಗೆ ಈಗಲೂ ನೋಯುತ್ತದೆ.

ಆಮೇಲೆ ಅವ್ವನ ಮಾತು ಶುರುವಾಯಿತು. ಮೂರನೇ ರೊಟ್ಟಿಯ ಮಾತು. ಹಿತ್ತಲಿನ ಕರಿಬೇವಿನ ಗಿಡಕ್ಕೆ ಅವರು ಮಜ್ಜಿಗೆ ಹಾಕುತ್ತಿದ್ದದ್ದು. ನನಗೆ ಜ್ವರ ಬಂದಾಗ ಹಾಸ್ಟೆಲಿಗೆ ಡಬ್ಬಿ ತಂದು ವಾರ್ಡನ್ ಜೊತೆ ಜಗಳ ಮಾಡಿ ಒಳಗೆ ಬಂದದ್ದು. ಇದು ಗೆಳತಿಗೆ ಗೊತ್ತೇ ಇರಲಿಲ್ಲ. ಅವಳು ಆ ವಾರ ಊರಲ್ಲಿ ಇರಲಿಲ್ಲ. ಅವ್ವ ಮನೆಯಲ್ಲಿ ಹೇಳಿಯೂ ಇರಲಿಲ್ಲ. "ಇನ್ನೊಮ್ಮೆ ಹೇಳು" ಅಂದಳು. ಇನ್ನೊಮ್ಮೆ ಹೇಳಿದೆ. ಡಬ್ಬಿಯಲ್ಲಿ ಏನಿತ್ತು ಅಂತ ಕೇಳಿದಳು. ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ಒಂದು ಚೂರು ಬೆಲ್ಲ. ಬೆಲ್ಲ ಯಾಕೆ ಅಂತ ನಾನು ಕೇಳಿದ್ದಕ್ಕೆ, ಉಂಡ ಮೇಲೆ ಬಾಯಿ ಕಹಿ ಇರಬಾರದು ಎಂದಿದ್ದರು. ಗೆಳತಿ ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. ದೋಣಿ ಬಂದು ಎರಡು ಬೈಕು, ಒಂದಷ್ಟು ಜನರನ್ನು ಇಳಿಸಿ ವಾಪಸು ಹೊರಟಿತು. ನಾವು ಹತ್ತಲಿಲ್ಲ. ದೋಣಿಯವರು ಕೈ ಬೀಸಿ ಕರೆದರು. ಮುಂದಿನದಕ್ಕೆ ಬರುತ್ತೇವೆ ಅಂತ ಸನ್ನೆ ಮಾಡಿದೆವು. ಅವರು ಏನೂ ಕೇಳಲಿಲ್ಲ.

ಕತ್ತಲಾಗುವ ಹೊತ್ತಿಗೆ ಆಚೆ ದಡ ಸೇರಿದೆವು.

ಸೇತುವೆ ಬೇಡ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆಗೆ ಹೋಗಬೇಕಾದವರು, ಪರೀಕ್ಷೆ ಬರೆಯುವ ಮಕ್ಕಳು, ಮೀನು ಮಾರುವ ಹೆಂಗಸರು ತಾರಿಬಾಗಿಲಲ್ಲಿ ಕಾಯುವುದು ನಮ್ಮ ಹಾಗೆ ಐದು ದಿನದ ಮಟ್ಟಿಗೆ ಅಲ್ಲ. ಮಂಜಗುಣಿಯ ಜನ ಸೇತುವೆಗಾಗಿ ಎಷ್ಟು ವರ್ಷ ಕಾದರು ಅಂತ ಅವರನ್ನೇ ಕೇಳಬೇಕು. ನನಗೆ ಗೊತ್ತಿರುವುದು ಇಷ್ಟು. ಗಂಗಾವಳಿಯನ್ನು ನಾವು ಸೇತುವೆಯ ಮೇಲೆ ದಾಟಿದೆವು, ಏನೂ ಮಾತಾಡಲಿಲ್ಲ. ಅಘನಾಶಿನಿಯಲ್ಲಿ ದೋಣಿಗೆ ಕಾಯಬೇಕಾಯಿತು. ಆ ಕಟ್ಟೆಯ ಮೇಲೆ ನಾಲ್ಕು ವರ್ಷದ ಮಾತು ಬಂತು.

ನಾಲ್ಕನೇ ದಿನ ಬಾಡದ ಕಡಲತೀರದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲೊಳಗೆ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುತ್ತಾರೆ. ಹಿಂದೆ ದೊಡ್ಡ ರಂಪಣಿ ಇತ್ತು. ಊರಿಗೆ ಊರೇ ಸೇರಿ ಎಳೆಯಬೇಕಾದ ಬಲೆ. ಬಂದವರಿಗೆಲ್ಲ ಪಾಲು. 1970ರ ದಶಕದ ಕೊನೆಯಲ್ಲಿ ಯಂತ್ರದ ದೋಣಿಗಳು, ಪರ್ಸೀನ್ ಬಲೆಗಳು ಬಂದವು. ಬಂಗಡೆ, ತಾರ್ಲೆಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಹಿಡಿದರು. ದೊಡ್ಡ ರಂಪಣಿ ಅಲ್ಲಿಗೆ ಮುಗಿಯಿತು. ಈಗ ಉಳಿದದ್ದು ಈ ಸಣ್ಣ ಕೈರಂಪಣಿ.

ನಾವು ನಿಂತು ನೋಡುತ್ತಿದ್ದೆವು. ಒಬ್ಬ ಅಜ್ಜಿ "ಬನ್ನಿ, ಕೈ ಹಾಕಿ" ಎಂದರು. ಬ್ಯಾಗು ಮರಳಿಗೆ ಎಸೆದು ಹಗ್ಗ ಹಿಡಿದೆವು. ಹಗ್ಗ ಒದ್ದೆ, ಒರಟು. ಕಡಲು ಆ ಕಡೆಯಿಂದ ಎಳೆಯುತ್ತದೆ. ಕಾಲು ಮರಳಿಗೆ ಊರಿ, ಮೈ ಹಿಂದಕ್ಕೆ ವಾಲಿಸಿ ಎಳೆಯಬೇಕು. ಎಲ್ಲರ ಜೊತೆ ಸರಿಯಾಗಿ ಎಳೆದಾಗ ಹಗ್ಗ ಒಮ್ಮೆಲೇ ಹಗುರಾಗುತ್ತದೆ. ಗೆಳತಿ ನನ್ನ ಮುಂದೆ ಇದ್ದಳು. ಅವಳ ಹಿಮ್ಮಡಿ ಮರಳಿನಲ್ಲಿ ಮಾಡಿದ ಗುಳಿಯಲ್ಲೇ ನಾನು ಕಾಲಿಟ್ಟೆ. ಮುಕ್ಕಾಲು ಗಂಟೆ ಎಳೆದ ಮೇಲೆ ಬಲೆಯ ಚೀಲ ದಡಕ್ಕೆ ಬಂತು. ಮೀನು ಜಾಸ್ತಿ ಇರಲಿಲ್ಲ. ಸಣ್ಣ ತಾರ್ಲೆ, ನಾಲ್ಕಾರು ಬಂಗಡೆ, ಒಂದಿಷ್ಟು ಏಡಿ, ಜೊತೆಗೆ ಪ್ಲಾಸ್ಟಿಕ್ ಚೀಲಗಳು. ಆ ಚೀಲಗಳನ್ನು ಅವರು ಒಂದೂ ಮಾತಾಡದೆ ಬಿಡಿಸಿ ಒಂದು ಕಡೆ ಹಾಕಿದರು. ನೋಡಲು ಕಷ್ಟವಾಯಿತು. ಅಷ್ಟು ಕಮ್ಮಿ ಮೀನಿನಲ್ಲೂ ನಮಗೆ ಎರಡು ಬಂಗಡೆ ಪಾಲು ಬಂತು. ಬೇಡ ಎಂದರೆ ಅಜ್ಜಿ ಕೇಳಲಿಲ್ಲ. ಹಗ್ಗ ಹಿಡಿದವರಿಗೆ ಪಾಲು ಕೊಡಲೇಬೇಕು ಎಂದರು. ನಾನು ಮೀನು ತಿನ್ನುವವಳಲ್ಲ. ಗೆಳತಿಯೂ ಅಲ್ಲ. ಅವರ ಮನೆಯ ಜಗುಲಿಯಲ್ಲೇ ಆ ರಾತ್ರಿ ಉಳಿದೆವು. ಬಂಗಡೆಯನ್ನು ಅವರಿಗೇ ಒಪ್ಪಿಸಿ, ನಾವು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಉಂಡೆವು. ಮೇಲಿಂದ ಮುರುಗಲಿನ ಸಾರು.

ಐದನೇ ದಿನ ಧಾರೇಶ್ವರ ದಾಟಿ ಹೊನ್ನಾವರ. ಕೊನೆಯ ದಾರಿಯಲ್ಲಿ ಕೆಲವು ಕಡೆ ಮರಳೇ ಇಲ್ಲ. ಕಡಲ್ಕೊರೆತ ತಡೆಯಲು ಹಾಕಿದ ಕರಿಕಲ್ಲಿನ ರಾಶಿ. ಅಲ್ಲೆಲ್ಲ ಊರೊಳಗಿನ ರಸ್ತೆ ಹಿಡಿಯಬೇಕಾಯಿತು. ಹೊನ್ನಾವರದಲ್ಲಿ ಮತ್ತೊಂದು ಅಳಿವೆ, ಶರಾವತಿ. ಆಚೆ ಕಾಸರಕೋಡು. ಅಲ್ಲಿಯ ಟೊಂಕ ಅನ್ನುವ ಜಾಗದಲ್ಲಿ ಕಡಲ ಆಮೆಗಳು ಮೊಟ್ಟೆ ಇಡುತ್ತವೆ. ಅಲ್ಲೇ ಬಂದರು ಬರಬಾರದು ಅಂತ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನಾವು ಈಚೆ ದಡದಲ್ಲೇ ನಿಂತೆವು. ಆಮೆ ನೋಡಲಿಲ್ಲ. ದಾಟಲೂ ಇಲ್ಲ. ಮನಸ್ಸಿತ್ತು, ರಜೆ ಇರಲಿಲ್ಲ.

ಸಂಜೆ ಅವಳನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿದೆ. ನನ್ನ ಬಸ್ಸು ರಾತ್ರಿ. ಒದ್ದೆಯಾಗಿ ಒಣಗಿದ ಬ್ಯಾಗಿನ ಮೇಲೆ ಉಪ್ಪಿನ ಬಿಳಿ ಗೆರೆ ಎದ್ದಿತ್ತು. ಅದನ್ನು ಉಗುರಿನಿಂದ ಕೆರೆಯುತ್ತಾ ನಿಲ್ದಾಣದಲ್ಲಿ ಕೂತಿದ್ದೆ. ಹೊತ್ತಾದ ಮೇಲೆ ಅವಳ ಸಂದೇಶ ಬಂತು.

"ಈಗ ಬೇಡ್ತಿ ದಾಟಿದೆ. ಕತ್ತಲಾಗಿತ್ತು, ನೀರು ಕಾಣಲಿಲ್ಲ. ಮಳಿಗಾಲಕ್ಕ ಶಾಲ್ಮಲಾ ತುಂಬತೈತಿ. ಮನಿಗೆ ಬಾ. ಅಣ್ಣಗೂ ಆ ಡಬ್ಬಿ ಕಥಿ ಹೇಳು."

ಜುಲೈ ಮೊದಲ ವಾರಕ್ಕೆ ಧಾರವಾಡದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ.